ಅಕ್ಕನ ಗಾಡಿ

ಮೇಡ್ಲೇರಿಯ ಮನೋಹರನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಪಕ್ಕದ ಮನೆಯವರ ಮೇಲಲ್ಲ, ದಾಯಾದಿಗಳ ಮೇಲೂ ಅಲ್ಲ. ಕಟ್ಟಿಕೊಂಡ ಹೆಂಡತಿಯ ಮೇಲೆ. ಕೇಳಿದವರು ನಗುತ್ತಾರೆ, ನಗಲಿ ಬಿಡಿ. ಪಕ್ಕದ ಮನೆಯವನಾದರೆ ಬಾಗಿಲು ಹಾಕಿಕೊಂಡು ಮನಸ್ಸಿಗೆ ಬಂದಷ್ಟು ಬೈಯಬಹುದು. ಇಲ್ಲಿ ಬೈಸಿಕೊಳ್ಳಬೇಕಾದವಳೇ ದಿನಾ ಸಂಜೆ ಎದುರಿಗೆ ಕೂತು, ಎಣ್ಣೆ ಬಿಸಿ ಮಾಡಿ, ಅವನ ಮುರಿದು ಕೂಡಿದ ಕಾಲು ತಿಕ್ಕುತ್ತಿದ್ದಳು. ಅಂಥವಳ ಮೇಲೆ ಉರಿದುಕೊಳ್ಳುವುದು ಸುಲಭದ ಕೆಲಸವಲ್ಲ. ಆದರೂ ಅವನು ಉರಿದುಕೊಳ್ಳುತ್ತಿದ್ದ.

ಕಾರಣ ಒಂದು ಪಿಕಪ್ ಗಾಡಿ. ಹಳೆಯದು. ಬಿಳಿ ಬಣ್ಣ ಹಳದಿಗೆ ತಿರುಗಿ, ಹಿಂದಿನ ತೊಟ್ಟಿಯ ತಗಡು ಅಲ್ಲಲ್ಲಿ ಸೊಟ್ಟಗಾಗಿ, ಎದುರಿನ ಗಾಜಿನ ಮೇಲೆ ಬರೆಸಿದ ‘ಶ್ರೀ ಮಾಲತೇಶ ಪ್ರಸನ್ನ’ದಲ್ಲಿ ‘ಪ್ರಸನ್ನ’ ಪೂರ್ತಿ ಅಳಿಸಿಹೋಗಿತ್ತು. ಆದರೂ ಸುತ್ತಲಿನ ಊರುಗಳಲ್ಲಿ ಅದು ‘ಮನೋಹರನ ಗಾಡಿ’. ಮೆಣಸಿನಕಾಯಿ ಕೊಯ್ದು ಒಣಗಿಸಿದ ರೈತರು ಅವನಿಗೇ ಫೋನು ಮಾಡುತ್ತಿದ್ದರು. ಸೋಮವಾರ, ಗುರುವಾರ ಬ್ಯಾಡಗಿ ಪೇಟೆಗೆ ಚೀಲ ಹೊತ್ತು ಹೋಗುವಾಗ ಅವನು ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದು ಕೈ ಕಿಟಕಿಯ ಮೇಲೆ ಇಟ್ಟುಕೊಂಡು, ದಾರಿಯಲ್ಲಿ ಸಿಕ್ಕವರಿಗೆಲ್ಲ ಹಾರ್ನು ಹೊಡೆದು ಮಾತಾಡಿಸುತ್ತ ಹೋಗುತ್ತಿದ್ದ.

ಈ ಸುಗ್ಗಿಯ ಶುರುವಿನಲ್ಲೇ, ಬ್ಯಾಡಗಿಯ ಮಾರುಕಟ್ಟೆ ಅಂಗಳದಲ್ಲಿ, ಚೀಲಗಳ ಮೇಲೆ ನಿಂತು ಹಗ್ಗ ಬಿಚ್ಚುವಾಗ ಜಾರಿ ಬಿದ್ದ. ಬಲಗಾಲು ಪಾದದ ಮೇಲೆ ಮುರಿಯಿತು. ಪ್ಲಾಸ್ಟರು ಹಾಕಿದರು. ಚೀಲಗಳು ಮಾತ್ರ ಯಾರ ಕಾಲಿಗೂ ಕಾಯುವುದಿಲ್ಲವಲ್ಲ, ಕೀಲಿಯನ್ನು ಅವನ ಹೆಂಡತಿ ದ್ರಾಕ್ಷಾಯಿಣಿ ತೆಗೆದುಕೊಂಡಳು.

ಅವಳಿಗೆ ಗಾಡಿ ಕಲಿಸಿದವನು ಇವನೇ. ಮದುವೆಯಾದ ಹೊಸತರಲ್ಲಿ ಹೊಳೆದಂಡೆಯ ಬಯಲಿನಲ್ಲಿ ಕೂರಿಸಿ ಕಲಿಸಿದ. ಹಾವೇರಿಗೆ ಕರೆದುಕೊಂಡು ಹೋಗಿ ಲೈಸೆನ್ಸು ಮಾಡಿಸಿದ. ‘ನನ್ನ ಹೇಣ್ತಿ ಗಾಡಿ ಹೊಡೀತಾಳ’ ಅಂತ ಚಹಾದಂಗಡಿಯಲ್ಲಿ ಹೇಳಿಕೊಂಡು ಮೀಸೆ ತಿರುವಿದ. ಆಗ ಅವಳು ಗಾಡಿ ಹೊಡೆಯುವುದು ಅವನ ಹೆಮ್ಮೆಯಾಗಿತ್ತು. ಈಗ ಅವಳು ಗಾಡಿ ಹೊಡೆಯುವುದು ಅವಳ ಹೆಮ್ಮೆಯಾಯಿತು. ವ್ಯತ್ಯಾಸ ಇಷ್ಟೇ. ಆದರೆ ಇಷ್ಟಕ್ಕೇ ಮನುಷ್ಯನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತದೆ.

ಮೊದಮೊದಲು ಅವನು ಹಾಸಿಗೆಯಲ್ಲಿ ಮಲಗಿಕೊಂಡೇ ಬುದ್ಧಿ ಹೇಳುತ್ತಿದ್ದ. ಮೋಟೆಬೆನ್ನೂರಿನ ತಿರುವಿನಲ್ಲಿ ಗೇರು ಇಳಿಸು, ಲಾರಿಯ ಹಿಂದೆ ಅಂಟಿಕೊಳ್ಳಬೇಡ, ಅಂಗಳದಲ್ಲಿ ಹಿಂದಕ್ಕೆ ಹಾಕುವಾಗ ಹಮಾಲರನ್ನು ಕೇಳು. ಅವಳು ಹೂಂ ಹೂಂ ಅನ್ನುತ್ತಿದ್ದಳು. ಆಮೇಲೆ ಅವಳು ಕೇಳುವುದೇ ಬೇಕಾಗಲಿಲ್ಲ. ಫೋನುಗಳು ಅವಳಿಗೇ ಬರತೊಡಗಿದವು. ಅಕ್ಕ ಹೇಳಿದ ಹೊತ್ತಿಗೆ ಬರುತ್ತಾಳೆ, ಅಕ್ಕ ಕಾಯಿ ಮುರಿಯದಂತೆ ಒಯ್ಯುತ್ತಾಳೆ, ಅಕ್ಕ ದಾರಿಯಲ್ಲಿ ಚಹಾಕ್ಕೆ ನಿಂತು ಹರಟೆ ಹೊಡೆಯುವುದಿಲ್ಲ. ಈ ಕೊನೆಯದು ಯಾರ ಮೇಲಿನ ಮಾತು ಅಂತ ಮನೋಹರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ದಿನ ಪೇಟೆಯ ಡ್ರೈವರುಗಳ ವಾಟ್ಸಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ಎರಡು ಲಾರಿಗಳ ನಡುವೆ, ಒಂದು ಗೇಣು ಜಾಗದಲ್ಲಿ, ಪಿಕಪ್ಪನ್ನು ಹಿಂದಕ್ಕೆ ಹಾಕುತ್ತಿರುವ ದ್ರಾಕ್ಷಾಯಿಣಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುತ್ತಿಗೆ ಹೊರಗೆ ಚಾಚಿ ನೋಡುತ್ತಿದ್ದಾಳೆ. ಹಾಕಿದವನು ಹಮಾಲ ಮೈಲಾರಲಿಂಗ. ಕೆಳಗೆ ಬರೆದಿದ್ದ, ‘ಅಕ್ಕನ ಗಾಡಿ’ ಅಂತ. ಮನೋಹರ ಬಿದ್ದ ದಿನ ಅವನನ್ನು ಹೆಗಲ ಮೇಲೆ ಹೊತ್ತು ಆಟೋದಲ್ಲಿ ಕೂರಿಸಿದ ಮೈಲಾರಲಿಂಗನೇ. ಮನೋಹರ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದ, ಸಣ್ಣದು ಮಾಡಿ ನೋಡಿದ. ಫೋನು ಬೋರಲು ಹಾಕಿ ಮಲಗಿದ. ಮತ್ತೆ ಎದ್ದು ನೋಡಿದ.

ಪ್ಲಾಸ್ಟರು ಬಿಚ್ಚಿದ ಮೇಲೆ ಅವನಿಗೆ ಒಂದೇ ಧ್ಯಾನ. ತನ್ನ ಸೀಟು ತನಗೆ ಬೇಕು. ಹೆಂಡತಿ ಮನೆಯಲ್ಲಿರಲಿ, ಹೊಲ ನೋಡಲಿ, ಬೇಕಾದರೆ ಹಬ್ಬಕ್ಕೆ ತವರಿಗೆ ಗಾಡಿ ಹೊಡೆದುಕೊಂಡು ಹೋಗಲಿ. ಬ್ಯಾಡಗಿಯ ದಾರಿ ತನ್ನದು.

ಡಾಕ್ಟರು ಕಾಲು ಕೂಡಿದೆ ಅಂದಿದ್ದರು. ಒಂದು ಮಧ್ಯಾಹ್ನ ದ್ರಾಕ್ಷಾಯಿಣಿ ಹೊಲಕ್ಕೆ ಹೋದಾಗ ಕೀಲಿ ತೆಗೆದುಕೊಂಡು ಕಾಲುವೆಯ ತನಕ ಹೋಗಿ ಬಂದ. ಬರುವಾಗ ಮನೆಯ ಮುಂದೆ ಬ್ರೇಕು ಒತ್ತಿದ. ಗಾಡಿ ನಿಲ್ಲಲಿಲ್ಲ. ಮೆಲ್ಲಗೆ ಹೋಗಿ ಮೇವಿನ ಬಣವೆಯೊಳಗೆ ಮೂತಿ ತೂರಿಸಿ ನಿಂತಿತು. ಅವನ ತಾಯಿ ಕರೆವ್ವ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. ಕಾಲು ಒತ್ತಿತ್ತೋ ಇಲ್ಲವೋ, ಒತ್ತಿದ್ದರೆ ಎಷ್ಟು ಒತ್ತಿತ್ತು, ಅದನ್ನು ಮನೋಹರ ಯಾರಿಗೂ ಹೇಳಲಿಲ್ಲ. ತನಗೆ ತಾನೂ ಹೇಳಿಕೊಳ್ಳಲಿಲ್ಲ. ಇಳಿದವನೇ ಬಾಗಿಲು ಬಡಿದು, ಬ್ರೇಕು ಹಾಳು ಮಾಡಿಟ್ಟಿದ್ದಾಳೆ ಅಂತ ಓಣಿಗೆಲ್ಲ ಕೇಳುವಂತೆ ಕೂಗಾಡಿದ.

ದ್ರಾಕ್ಷಾಯಿಣಿ ಬಂದು ಬಣವೆಯ ಹುಲ್ಲು ಸರಿಪಡಿಸಿದಳು. ಪೆಡಲು ತಳಕ್ಕೆ ಹೋಗುತ್ತಿದೆ ಅಂತ ತಾನು ಹಿಂದಿನ ವಾರವೇ ಹೇಳಿದ್ದನ್ನೂ, ಎರಡು ಸಲ ಒತ್ತಿದರೆ ಹಿಡಿಯುತ್ತದೆ, ನಿನಗೆ ಒತ್ತಲು ಬರುವುದಿಲ್ಲ ಅಂತ ಅವನು ಅಂದದ್ದನ್ನೂ ನೆನಪು ಮಾಡಲಿಲ್ಲ. ರಾಣೇಬೆನ್ನೂರಿನ ಮೆಕ್ಯಾನಿಕ್ ಬೀರಲಿಂಗಪ್ಪನಿಗೆ ಫೋನು ಮಾಡಿದಳು. ಅದೂ ಮನೋಹರನಿಗೆ ಚುಚ್ಚಿತು. ಮದುವೆಗೆ ಮುಂಚೆ ಅವನು ಅದೇ ಬೀರಲಿಂಗಪ್ಪನ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಅವನ ಗುರುವಿನ ನಂಬರು ಇವಳ ಫೋನಿನಲ್ಲಿ ಯಾವಾಗ ಸೇರಿಕೊಂಡಿತು?

ಬೀರಲಿಂಗಪ್ಪ ಮೋಟರ್ ಸೈಕಲ್ಲಿನಲ್ಲಿ ಬಂದ. ದ್ರಾಕ್ಷಾಯಿಣಿಯನ್ನು ಸೀಟಿನಲ್ಲಿ ಕೂರಿಸಿ, ಒತ್ತು, ಹಿಡಿ, ಬಿಡು ಅಂತ ಹೇಳುತ್ತ ಒಂದೊಂದೇ ಗಾಲಿಯ ತಿರುಪು ಮೊಳೆ ಬಿಚ್ಚಿ ಮುಚ್ಚಿ ನೋಡಿದ. ಆಮೇಲೆ ಅಡಿಗೆ ಹೊಕ್ಕು, ಬ್ಯಾಟರಿ ಬೆಳಕು ಹಿಡಿದು, ಹಿಂದಿನ ಅಚ್ಚಿನ ಮೇಲಿನ ಬ್ರೇಕ್ ಪೈಪನ್ನು ಉಗುರಿನಿಂದ ಕೆರೆದ. ತುಕ್ಕು ಪುಡಿಪುಡಿಯಾಗಿ ಉದುರಿ, ಒಳಗಿನಿಂದ ಎಣ್ಣೆ ಜಿನುಗಿತು. ಕಾಯಿ ಮುರಿಯಬಾರದೆಂದು ರೈತರು ನೀರು ಚಿಮುಕಿಸಿ ತುಂಬುವ ಚೀಲಗಳಿಂದ, ತೊಟ್ಟಿಯ ತೂತುಗಳ ಮೂಲಕ, ವರ್ಷಾನುಗಟ್ಟಲೆ ನೀರು ಆ ಪೈಪಿನ ಮೇಲೆ ಸುರಿದಿತ್ತು. ಡೀಸೆಲ್ ಪೈಪುಗಳೂ ಕೆಟ್ಟಿದ್ದವು. ರಬ್ಬರಿನವು ಹಣ್ಣಾಗಿ ಊದಿದ್ದವು. ಅಮಾವಾಸ್ಯೆಗೊಮ್ಮೆ ಗಾಡಿ ತೊಳೆದು, ತಳಕ್ಕೆಲ್ಲ ಸುಟ್ಟ ಎಣ್ಣೆ ಹೊಡೆದು, ಕಾಯಿ ಒಡೆದು ಪೂಜೆ ಮಾಡುವುದು ಮನೋಹರನ ಪದ್ಧತಿ. ಆ ಎಣ್ಣೆ ಕಬ್ಬಿಣವನ್ನು ಕಾಯಲಿಲ್ಲ, ರಬ್ಬರನ್ನು ತಿಂದಿತು ಅಂತ ಬೀರಲಿಂಗಪ್ಪ ನಕ್ಕ.

ಗುರು ನಕ್ಕರೂ ಮನೋಹರನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನೋಡಿರಿ, ಪೈಪು ಕೆಟ್ಟಿತ್ತು. ಕಾಲು ಕೆಟ್ಟಿರಲಿಲ್ಲ.

ಗಾಡಿಯನ್ನು ರಾಣೇಬೆನ್ನೂರಿಗೆ ಎಳೆಸಿಕೊಂಡು ಬಂದರೆ ಮಾಡಿಕೊಡುತ್ತೇನೆ ಅಂದ ಬೀರಲಿಂಗಪ್ಪ. ಬೇಡ, ನಾನೇ ಮಾಡುತ್ತೇನೆ ಅಂದ ಮನೋಹರ. ಪೈಪಿನ ತುದಿ ಅರಳಿಸುವ ಸಾಧನವನ್ನು ಗುರು ಬಿಟ್ಟುಹೋದ. ಅದನ್ನು ಕೈಯಲ್ಲಿ ಹಿಡಿದಾಗಲೇ ಮನೋಹರನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಗಾಲಿ ಬಿಚ್ಚಿದ ಗಾಡಿ ದಿಮ್ಮಿಯ ಮೇಲೆ ಇರುವ ತನಕ ಇವಳು ಬ್ಯಾಡಗಿಗೆ ಹೋಗುವುದಿಲ್ಲ. ಗಾಡಿ ಎಷ್ಟು ದಿನ ದಿಮ್ಮಿಯ ಮೇಲೆ ಇರಬೇಕು ಅನ್ನುವುದು ತನ್ನ ಕೈಯಲ್ಲಿದೆ.

ಮರುದಿನ ಬಸ್ಸು ಹತ್ತಿ ಹಾವೇರಿಗೆ ಹೋದ. ಬ್ರೇಕಿನ ಸಣ್ಣ ಕಬ್ಬಿಣದ ಪೈಪಿಗೆ ನಮ್ಮ ಕಡೆ ‘ಬಂಡಿ ಪೈಪು’ ಅನ್ನುತ್ತಾರೆ. ಯಾವ ಪುಣ್ಯಾತ್ಮ ಇಟ್ಟ ಹೆಸರೋ. ಮುಂಜಾನೆ ಹೊರಡುವಾಗ ಕರೆವ್ವ, ನಿಮ್ಮಪ್ಪ ಜನ್ಮವೆಲ್ಲ ಬಂಡಿ ಹೂಡಿದ, ಅದಕ್ಕೆ ಒಂದು ದಿನವೂ ಪೈಪು ಹಾಕಿದ್ದು ಕಾಣೆ ಅಂತ ಅಣಕಿಸಿದ್ದಳು. ಬಿಡಿಭಾಗದ ಅಂಗಡಿಯಲ್ಲಿ ಮನೋಹರ ಗಾಡಿಯ ಮಾಡೆಲ್ಲು ಹೇಳಿ ಬಂಡಿ ಪೈಪು ಕೇಳಿದ. ಅಂಗಡಿಯ ಪ್ರೇಮಕುಮಾರ ಪೈಪಿನ ಸುರುಳಿ ಇಳಿಸುತ್ತ ಗಾಡಿಯ ನಂಬರು ಕೇಳಿದ. ಮನೋಹರ ಹೇಳಿದೊಡನೆ ಅವನ ಮುಖ ಅರಳಿತು.

“ಓ, ಅಕ್ಕನ ಗಾಡಿ. ಹೋದ ತಿಂಗಳ ಫ್ಯಾನ್ ಬೆಲ್ಟ್ ಒಯ್ದಿದ್ರಲ್ರಿ. ನೀವು ಅವರ ಕಡೆ ಕೆಲಸಕ್ಕ ಇದ್ದೀರೇನ್ರಿ?”

“ಗಾಡಿ ನಂದು,” ಅಂದ ಮನೋಹರ.

ಪ್ರೇಮಕುಮಾರ ನಾಲಿಗೆ ಕಚ್ಚಿಕೊಂಡ. ಚಹಾ ತರಿಸಿದ. ಮನೋಹರ ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟ. ಫ್ಯಾನ್ ಬೆಲ್ಟ್ ಬದಲಿಸಿದ್ದನ್ನು ಅವಳು ಹೇಳಿಯೇ ಇರಲಿಲ್ಲ. ಹೇಳಿದ್ದಳೇನೋ, ತಾನು ಗೋಡೆಯ ಕಡೆ ತಿರುಗಿ ಮಲಗಿದ್ದೆನೇನೋ. ಬೇಕಾದ ಸಾಮಾನೆಲ್ಲ ಕಟ್ಟಿಸಿಕೊಂಡ, ಹಿಂದಿನ ಎಡಗಾಲಿಯ ಪೈಪಿನ ನಟ್ಟು ಒಂದನ್ನು ಬಿಟ್ಟು. ಮರೆತದ್ದಲ್ಲ. ನೆನಪಿಟ್ಟುಕೊಂಡು ಬಿಟ್ಟದ್ದು.

ಮನೆಯ ಮುಂದೆ ಗಾಡಿಯನ್ನು ಎತ್ತಿ, ಗಾಲಿ ಬಿಚ್ಚಿ, ಅಚ್ಚಿನ ಕೆಳಗೆ ಜಾಲಿಮರದ ದಿಮ್ಮಿಗಳನ್ನು ಕೊಟ್ಟ. ಮೊದಲು ಡೀಸೆಲ್ ಪೈಪು ಹಿಡಿದ. ಟಾಕಿಯಿಂದ ಫಿಲ್ಟರಿಗೆ ಹೋಗುವುದು ಒಂದು, ಮಿಕ್ಕ ಡೀಸೆಲ್ಲನ್ನು ಟಾಕಿಗೆ ವಾಪಸ್ಸು ತರುವುದು ಒಂದು. ಕೈ ಕೆಲಸ ಮರೆತಿರಲಿಲ್ಲ. ಹಳೆಯ ರಬ್ಬರು ಕೊಯ್ದು ತೆಗೆದು, ಹೊಸದನ್ನು ಅಳತೆ ಮಾಡಿ, ಬಾಯಿಗೆ ಬಿಗಿಪಟ್ಟಿ ಹಾಕಿ ತಿರುವಿದ. ಒಂದು ಮುಂಜಾನೆಯ ಕೆಲಸವನ್ನು ಎರಡು ದಿನ ಎಳೆದ. ಮಧ್ಯೆ ಮಧ್ಯೆ ಹೊರಗೆ ಬಂದು, ಕುಂಟುತ್ತ ಒಳಗೆ ಹೋಗಿ, ನೀರು ಕುಡಿದು, ದಿಂಬಿಗೆ ಒರಗಿ, ನಿಟ್ಟುಸಿರು ಬಿಟ್ಟು ಬರುತ್ತಿದ್ದ. ಹೊಟ್ಟೆಕಿಚ್ಚಿತ್ತು ನಿಜ. ಆದರೆ ನಟ್ಟು ಸಡಿಲ ಬಿಡುವ ಜಾತಿಯವನಲ್ಲ. ತಡ ಮಾಡಿದನೇ ಹೊರತು ಮಾಡಿದ್ದನ್ನೆಲ್ಲ ಎರಡೆರಡು ಸಲ ಬಿಗಿದು ನೋಡಿದ.

ಸೋಮವಾರ ಬಂತು. ಊರಿನ ಚೀಲಗಳನ್ನು ಗುತ್ತಲದ ಕಡೆಯ ಯಾವನದೋ ಗಾಡಿ ಬಂದು ಹೇರಿಕೊಂಡು ಹೋಯಿತು. ದ್ರಾಕ್ಷಾಯಿಣಿ ಕಟ್ಟೆಯ ಮೇಲೆ ನಿಂತು ಅದು ಓಣಿ ದಾಟುವ ತನಕ ನೋಡಿದಳು. ಫೋನು ಬಂದವರಿಗೆಲ್ಲ, ಬ್ರೇಕಿನ ಕೆಲಸ ನಡೆದಿದೆ, ಗುರುವಾರ ಬಂದೇ ಬರುತ್ತೇನೆ ಅಂತ ಹೇಳುತ್ತಿದ್ದಳು. ಗಾಡಿಯ ಅಡಿಯಲ್ಲಿ ಅಂಗಾತ ಮಲಗಿದ್ದ ಮನೋಹರನಿಗೆ ಅವಳ ಪಾದಗಳಷ್ಟೇ ಕಾಣುತ್ತಿದ್ದವು. ಒಂದು ಪಾದದಿಂದ ಇನ್ನೊಂದು ಪಾದವನ್ನು ತಿಕ್ಕುತ್ತ ನಿಂತಿದ್ದಳು. ಅವನಿಗೆ ಖುಷಿಯಾಯಿತು. ಹೇಸಿಗೆಯ ಖುಷಿ, ಆದರೂ ಖುಷಿ. ಮನೆಯಲ್ಲಿ ಕೂತು ಬೇರೆಯವರ ಗಾಡಿ ಹೋಗುವುದನ್ನು ನೋಡುವುದು ಹೇಗಿರುತ್ತದೆ ಅಂತ ಅವಳಿಗೂ ಗೊತ್ತಾಗಲಿ.

ನಟ್ಟು ಒಂದು ಕಡಿಮೆ ಬಂದಿದೆ, ಮತ್ತೆ ಹಾವೇರಿಗೆ ಹೋಗಬೇಕು ಅಂದಾಗ ಅವಳು ತಾನೇ ಬಸ್ಸಿಗೆ ಹೋಗಿ ಸಂಜೆಯೊಳಗೆ ತಂದು ಅವನ ಎದೆಯ ಮೇಲೆ ಇಟ್ಟಳು. ನಟ್ಟು ಸಿಕ್ಕ ಮೇಲೆ ನೆಪ ಸಿಗಲಿಲ್ಲ. ಬಂಡಿ ಪೈಪನ್ನು ಅಳೆದು ಕೊಯ್ದ, ತುದಿ ಅರಳಿಸಿದ, ಚಾಸಿಯ ಗುಂಟ ಬಾಗಿಸಿ ಕೂರಿಸಿದ, ನೀರು ಬೀಳುವ ಕಡೆ ಹಳೆಯ ಟ್ಯೂಬು ಸೀಳಿ ಹೊದಿಸಿದ. ನೋಡಿದರೆ ಯಾರಿಗಾದರೂ ಭೇಷ್ ಅನ್ನಿಸುವ ಕೆಲಸ. ಗಾಲಿ ಕೂರಿಸಿದ. ಆದರೆ ಕೆಲಸ ಮುಗಿಯುತ್ತ ಬಂದಂತೆ ಅವನ ಎದೆಯಲ್ಲಿ ಇನ್ನೊಂದು ಭಾರ ಕೂತಿತು. ಪೈಪು ಸರಿಯಾದ ಮೇಲೂ ಗಾಡಿ ಬಣವೆಗೆ ಹೋದರೆ ಆಗ ಏನು ಹೇಳುವುದು?

ಬುಧವಾರ ಉಳಿದದ್ದು ಒಂದೇ ಕೆಲಸ, ಪೈಪಿನೊಳಗಿನ ಗಾಳಿ ತೆಗೆಯುವುದು. ಹೊಸ ಪೈಪಿನಲ್ಲಿ ಎಣ್ಣೆಯ ಜೊತೆ ಗಾಳಿಯೂ ಇರುತ್ತದೆ. ಗಾಳಿ ಇರುವ ತನಕ ಪೆಡಲು ಮೆತ್ತಗೆ, ಬ್ರೇಕು ಹಿಡಿಯುವುದಿಲ್ಲ. ತೆಗೆಯಲು ಇಬ್ಬರು ಬೇಕು. ಮೇಲೆ ಕೂತವರು ಪೆಡಲು ಒತ್ತಿ ಹಿಡಿಯಬೇಕು, ಕೆಳಗೆ ಗಾಲಿಯ ಹತ್ತಿರ ಇರುವವರು ಸಣ್ಣ ತಿರುಪು ಮೊಳೆಯೊಂದನ್ನು ತಿರುವಿ ಬಾಯಿ ಬಿಡಿಸಬೇಕು. ಗಾಳಿಯೂ ಎಣ್ಣೆಯೂ ಪಿಚಕ್ಕನೆ ಹೊರಗೆ ಬರುತ್ತವೆ. ಪೆಡಲು ತಳ ಮುಟ್ಟುವ ಮುಂಚೆ ಮೊಳೆ ಮುಚ್ಚಬೇಕು. ಮುಚ್ಚಿದ ಮೇಲೆಯೇ ಪೆಡಲು ಬಿಡಬೇಕು. ಮುಚ್ಚುವ ಮುಂಚೆ ಬಿಟ್ಟರೆ ಹೊರಗಿನ ಗಾಳಿಯನ್ನು ಪೈಪು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಮಾಡಿದ್ದೆಲ್ಲ ನೀರುಪಾಲು.

ಗಾಡಿಗೆ ಗಾಳಿ ಹೊಕ್ಕಿದೆ ಅಂತ ಕೇಳಿ ಕರೆವ್ವ ಒಳಗಿನಿಂದ ನಿಂಬೆಹಣ್ಣು ತಂದಳು. ಇದು ಆ ಗಾಳಿಯಲ್ಲ ಅಂದರೂ ಕೇಳದೆ ಬಂಪರಿಗೆ ನಿವಾಳಿಸಿ ಕಟ್ಟೆಯ ಮೇಲೆ ಕೂತಳು.

ದ್ರಾಕ್ಷಾಯಿಣಿ ಸೀಟಿನಲ್ಲಿ ಕೂತಳು. ಮನೋಹರ ಹಿಂದಿನ ಎಡಗಾಲಿಯ ಹತ್ತಿರ ಮಲಗಿದ. ಒತ್ತು ಅಂದ, ಒತ್ತಿದಳು. ಹಿಡಿ ಅಂದ, ಹಿಡಿದಳು. ಮೊಳೆ ತಿರುವಿದ, ಎಣ್ಣೆ ಬುರುಗು ಬುರುಗಾಗಿ ಬಂತು. ಮುಚ್ಚಬೇಕು. ಕೈ ಮೊಳೆಯ ಮೇಲೇ ಇತ್ತು. ಆದರೆ ಆ ಹೊತ್ತಿಗೆ ಅವನ ಕಣ್ಣಿಗೆ ಬಂದದ್ದು ನಾಳಿನ ಗುರುವಾರ. ಅಂಗಳದಲ್ಲಿ ಕುತ್ತಿಗೆ ಚಾಚಿ ಗಾಡಿ ಹಿಂದಕ್ಕೆ ಹಾಕುವ ಇವಳು, ದಾರಿ ಬಿಡಿಸುವ ಮೈಲಾರಲಿಂಗ, ಅಕ್ಕಾ ಬರ್ರಿ, ಅಕ್ಕಾ ಕುಂದ್ರಿ. ಮೊಳೆ ಮುಚ್ಚಲಿಲ್ಲ. ಬಿಡು ಅಂದ. ಬಿಟ್ಟಳು. ಪೈಪು ಸುರ್ರನೆ ಗಾಳಿ ಎಳೆದುಕೊಂಡಿತು.

“ನಿನಗ ಒತ್ತಾಕ ಬರೂದಿಲ್ಲ,” ಅಂತ ಕೆಳಗಿನಿಂದ ಕೂಗಿದ. “ಮದಲ ಬಿಟ್ಟಿ. ಗಾಳಿ ಒಳಗ ಹೋತು.”

ಮತ್ತೆ ಮಾಡಿದರು. ಮತ್ತೆ ಹಾಗೇ. ಬಿಸಿಲೇರಿತು. ಎಣ್ಣೆಯ ಬಾಟಲಿ ಖಾಲಿಯಾಗಿ ಇನ್ನೊಂದು ಒಡೆದರು. ಓಣಿಯವರು ಇಬ್ಬರು ಮೂವರು ಬಂದು ನಿಂತರು. ಜನ ನಿಂತಷ್ಟೂ ಮನೋಹರನ ದನಿ ಏರಿತು. ಸ್ಟೇರಿಂಗು ತಿರುವಿದರೆ ಡ್ರೈವರ್ ಆಗುವುದಿಲ್ಲ, ಕಾಲಿನಲ್ಲಿ ವಿದ್ಯೆ ಇರಬೇಕು, ಪೇಟೆಯವರು ಹೊಗಳಿದ್ದಕ್ಕೆ ತಲೆ ತಿರುಗಿದೆ ಅಂತ ಏನೇನೋ ಅಂದ. ಆಡುವಾಗ ಮೈ ಹಗುರಾಗುತ್ತಿತ್ತು. ಅಡಿಯಲ್ಲಿ ಮಲಗಿದ್ದರಿಂದ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಆಮೇಲೆ ಪೆಡಲು ಒತ್ತುವ ಸಪ್ಪಳ ನಿಂತಿತು. ಬಾಗಿಲು ತೆರೆಯಿತು. ಆ ಎರಡು ಪಾದಗಳು ಇಳಿದು, ಗಾಡಿಯ ಗುಂಟ ನಡೆದು ಬಂದು, ಅವನ ತಲೆಯ ಹತ್ತಿರ ನಿಂತವು. ದ್ರಾಕ್ಷಾಯಿಣಿ ಕುಕ್ಕರುಗಾಲಲ್ಲಿ ಕೂತು ಬಗ್ಗಿದಳು. ಓಣಿಯವರಿಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದಳು.

“ನೀವು ಮೊಳಿ ಮುಚ್ಚಿದ್ರ ನನ್ನ ಕಾಲು ನಡುವ ನಿಲ್ತೈತಿ. ಬೀರಲಿಂಗಪ್ಪ ಮಾಡಿದಾಗ ನಿಂತಿತ್ತು. ಮುಂಜಾನಿಂದ ಒಮ್ಮಿನೂ ನಿಂತಿಲ್ಲ. ತಳಕ್ಕ ಹೋಗಿ ಬಡೀತೈತಿ, ಆಮ್ಯಾಲ ನೀವು ಬಿಡು ಅಂತೀರಿ. ಕೆಳಗ ನಿಮ್ಮ ಕೈ ಏನ್ ಮಾಡ್ತೈತಿ ಅನ್ನೂದು ಮ್ಯಾಲೆ ನನ್ನ ಕಾಲಿಗೆ ತಿಳೀತೈತ್ರಿ.”

ಮನೋಹರ ಹೇಳಬಹುದಾದ ಸುಳ್ಳುಗಳು ಇದ್ದವು. ಆದರೆ ಪೈಪು ಅವನೇ ಹಾಕಿದ್ದು, ಎಲ್ಲೂ ಸೋರದಂತೆ ಹಾಕಿದ್ದು. ಅದರ ಒಂದು ತುದಿಯಲ್ಲಿ ಇವನ ಕೈ, ಇನ್ನೊಂದು ತುದಿಯಲ್ಲಿ ಅವಳ ಕಾಲು. ನಡುವೆ ಅಡಗಿಸಿಡಲು ಜಾಗವೇ ಇರಲಿಲ್ಲ. ಅವನು ಮೊಳೆಯ ಮೇಲಿನ ಕೈ ತೆಗೆದ.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ಸೀರೆಯ ಮೇಲೆ ಅವನ ಹಳೆಯ ಅಂಗಿ ತೊಟ್ಟು ಬಂದಳು.

“ಮ್ಯಾಲೆ ಹೋಗಿ ಕುಂದ್ರಿ,” ಅಂದಳು. “ನಾ ಕೆಳಗ ನೋಡ್ತೀನಿ.”

ಇಷ್ಟು ದಿನ ಅವನು ಬೇಡಿದ್ದು ಇದನ್ನೇ ತಾನೆ, ಸೀಟು. ಹತ್ತಿ ಕೂತ. ಸೀಟಿನ ಮೇಲೆ ಅವಳು ಹಾಕಿಕೊಂಡ ಸಣ್ಣ ದಿಂಬು ಇತ್ತು. ಎಡಗಡೆಯ ಕನ್ನಡಿ ಅವಳ ಎತ್ತರಕ್ಕೆ ತಿರುಗಿತ್ತು. ಮನೋಹರ ಪಕ್ಕಕ್ಕೆ ಬಾಗಿ ಅದನ್ನು ತನ್ನ ಕಡೆ ತಿರುಗಿಸಿಕೊಂಡ. ಅದರಲ್ಲಿ ಗಾಡಿಯ ಹಿಂದೆ ಹೊರಚಾಚಿದ ಅವಳ ಕಾಲುಗಳು, ಕಾಲುಂಗುರಕ್ಕೆ ಮೆತ್ತಿದ ಮಣ್ಣು ಕಂಡವು. ಒತ್ರಿ ಅಂದಳು. ಒತ್ತಿದ. ಹಿಡೀರಿ ಅಂದಳು. ಹಿಡಿದ.

ಇಂಜಿನ್ನು ಬಂದ್ ಆಗಿದ್ದರಿಂದ ಪೆಡಲು ಬಿರುಸಾಗಿತ್ತು. ಹಿಡಿದ ಕಾಲು ಮೊದಲು ಬಿಸಿಯಾಯಿತು. ಆಮೇಲೆ ಕೂಡಿದ ಎಲುಬಿನ ಜಾಗದಿಂದ ಸಣ್ಣ ನಡುಕ ಎದ್ದು ಮೊಣಕಾಲಿಗೆ ಏರಿತು. ಹಲ್ಲು ಕಚ್ಚಿದ. ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದು ಮೈಯೆಲ್ಲ ಭಾರ ಹಾಕಿದ. ಅವಳು ಮೊಳೆ ತಿರುವಿದ್ದು ಅವನ ಅಂಗಾಲಿಗೆ ತಿಳಿಯಿತು. ಅವಳು ಹೇಳಿದ್ದು ಸುಳ್ಳಲ್ಲ, ಎಲ್ಲವೂ ತಿಳಿಯುತ್ತದೆ. ಹಾಗಿದ್ದರೆ ತನ್ನದೂ ಅವಳ ಕೈಗೆ ತಿಳಿಯುತ್ತಿರಬೇಕು. ಎಣ್ಣೆ ಪಿಚಕ್ಕನೆ ಹಾರದೆ, ಸೋರಿದ ನಲ್ಲಿಯಂತೆ ತೊಟ್ಟು ತೊಟ್ಟಾಗಿ ಇಳಿಯುತ್ತಿರಬೇಕು. ಬಣವೆ ಯಾಕೆ ಗಾಡಿಯ ಮೂತಿ ನುಂಗಿತು ಅನ್ನುವುದು ಈಗ ಅವಳ ಬೆರಳಿನ ಮೇಲೆ ಹನಿಯುತ್ತಿರಬೇಕು.

ಅವನು ಕಾದ. ಅವಳು ಕೂಗುತ್ತಾಳೆ. ಓಣಿಯವರ ಮುಂದೆ, ನಿಮ್ಮ ಕಾಲಿನಲ್ಲಿ ವಿದ್ಯೆ ಇಲ್ಲ ಅನ್ನುತ್ತಾಳೆ. ಅಂದರೆ ತಪ್ಪೇನೂ ಇಲ್ಲ. ಅವಳ ಜಾಗದಲ್ಲಿ ತಾನಿದ್ದರೆ ಬಿಡುತ್ತಿರಲಿಲ್ಲ.

ಕೆಳಗಿನಿಂದ ಅವಳ ದನಿ ಬಂತು, ದಿನಾ ಊಟಕ್ಕೆ ಕರೆಯುವ ದನಿಯಲ್ಲೇ.

“ಎರಡೂ ಕಾಲ್ಲೆ ಒತ್ರಿ.”

ಅಷ್ಟೇ. ಎಡಗಾಲನ್ನು ಬಲಗಾಲಿನ ಮೇಲೆ ಇಟ್ಟು ಒತ್ತಿದ. ಪೆಡಲು ಇಳಿಯಿತು. ನಡುವೆ ನಿಂತಿತು, ಅವಳು ಮೊಳೆ ಮುಚ್ಚಿದ್ದಳು. ಬಿಡ್ರಿ ಅಂದಳು. ಹೀಗೆ ಒಂದೊಂದೇ ಗಾಲಿ ಮುಗಿಸಿದರು. ಒತ್ರಿ, ಹಿಡೀರಿ, ಬಿಡ್ರಿ ಅನ್ನುವುದನ್ನು ಬಿಟ್ಟು ಮಾತಿಲ್ಲ. ಕೊನೆಯ ಗಾಲಿಗೆ ಬರುವಷ್ಟರಲ್ಲಿ ಪೆಡಲು ಕಲ್ಲಾಗಿತ್ತು. ಓಣಿಯವರು, ‘ಮನೋಹರ, ಒಂದು ಸುತ್ತು ಹೊಡೆದುಕೊಂಡು ಬಾ, ಬ್ರೇಕು ನೋಡೋಣ’ ಅಂದರು.

ಕೀಲಿ ಎದುರಿಗೇ ತೂಗುತ್ತಿತ್ತು. ದ್ರಾಕ್ಷಾಯಿಣಿ ಅಡಿಯಿಂದ ಎದ್ದು ಬಂದು, ಮುಂದಿನ ಗಾಲಿಗೆ ಕೊಟ್ಟ ಕಲ್ಲನ್ನು ಕಾಲಿನಿಂದ ಸರಿಸಿ, ಅಲ್ಲೇ ಗಾಡಿಯ ಮುಂದೆ ನಿಂತು ಅಂಗಿಯ ತುದಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಮುಖಕ್ಕೆಲ್ಲ ಎಣ್ಣೆ. ಬೇಕಂತಲೇ ನಿಂತಿದ್ದಳೋ, ಸುಮ್ಮನೆ ನಿಂತಿದ್ದಳೋ, ಅವಳನ್ನೇ ಕೇಳಬೇಕು. ಮನೋಹರ ಕೀಲಿಗೆ ಕೈ ಹಾಕಿದ. ಬಲಗಾಲು ಇನ್ನೂ ನಡುಗುತ್ತಿತ್ತು. ಪೈಪು ಹೊಸದು, ಎಣ್ಣೆ ಹೊಸದು, ಗಾಳಿ ಒಂದು ಗುಳ್ಳೆಯೂ ಇಲ್ಲ. ಈಗ ನಿಲ್ಲದಿದ್ದರೆ ದೂರಲು ಏನೂ ಉಳಿದಿಲ್ಲ. ಎದುರಿಗೆ ಬಣವೆಯೂ ಇಲ್ಲ, ಅವಳಿದ್ದಾಳೆ.

ಕೀಲಿ ಬಿಟ್ಟ. ಇಳಿಯಲಿಲ್ಲ. ಗೇರಿನ ರಾಡಿನ ಮೇಲಿಂದ ಬಲಗಾಲನ್ನು ಕೈಯಿಂದ ಎತ್ತಿ ದಾಟಿಸಿಕೊಂಡು, ಮೆಲ್ಲಗೆ ಸರಿದು, ಕ್ಲೀನರಿನ ಸೀಟಿಗೆ ಹೋಗಿ ಕೂತ. ಕೈ ಚಾಚಿ ಕನ್ನಡಿಯನ್ನು ಮತ್ತೆ ಅವಳ ಎತ್ತರಕ್ಕೆ ತಿರುಗಿಸಿಟ್ಟ.

ದ್ರಾಕ್ಷಾಯಿಣಿ ಹತ್ತಿ ಕೂತಳು. ದಿಂಬು ಸರಿಮಾಡಿಕೊಂಡಳು. ಕಾಲುವೆಯ ತನಕ ಹೋಗಿ ಬಂದರು. ಬಣವೆಯ ಮುಂದೆ ಗಾಡಿ ಒಂದೇ ಒತ್ತಿಗೆ ನಿಂತಿತು. ಗಾಡಿಯ ಗಾಳಿ ಬಿಟ್ಟಿತು, ನನ್ನ ಮಗನಿಗೆ ಹೊಕ್ಕದ್ದು ಬಿಟ್ಟಿತೋ ಇಲ್ಲವೋ ಅಂತ ಕರೆವ್ವ ನಿಂಬೆಹಣ್ಣನ್ನು ಗಾಲಿಯ ಕೆಳಗೆ ಉರುಳಿಸಿದಳು.

ಬಿಟ್ಟಿರಲಿಲ್ಲ. ಸುಳ್ಳು ಹೇಳಬಾರದು. ಗುರುವಾರ ಮುಂಜಾನೆ ಚೀಲ ಹೇರಿಕೊಂಡು ಬ್ಯಾಡಗಿಗೆ ಹೊರಟಾಗ ಪಕ್ಕದಲ್ಲಿ ಕೂತ ಮನೋಹರನ ಹೊಟ್ಟೆಯಲ್ಲಿ ಆ ಖಾರ ಹಾಗೇ ಇತ್ತು. ಅವಳು ಗೇರು ಹಾಕುವ ರೀತಿಯಲ್ಲಿ ತಪ್ಪು ಹುಡುಕಿದ. ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು. ಮೋಟೆಬೆನ್ನೂರಿನ ತಿರುವಿನಲ್ಲಿ ಮುಂದಿನ ಟ್ರ್ಯಾಕ್ಟರು ಗಕ್ಕನೆ ನಿಂತಾಗ ಅವನ ಬಲಗಾಲು ತಾನಾಗಿ ಎದುರಿನ ಬರಿಯ ತಗಡನ್ನು ಒತ್ತಿತು. ಗಾಡಿ ನಿಂತಿತು, ಟ್ರ್ಯಾಕ್ಟರಿಗೆ ಇನ್ನೂ ಒಂದು ಮಾರು ಇರುವಾಗಲೇ. ದ್ರಾಕ್ಷಾಯಿಣಿ ಓರೆಗಣ್ಣಿನಿಂದ ಅವನ ಕಾಲು ನೋಡಿ, ನೀವು ಒತ್ತಿದ್ದಕ್ಕೇ ನಿಂತಿತು ನೋಡಿ ಅಂತ ಕೆಣಕಿದಳು. ಅವನು ಕಿಟಕಿಯ ಕಡೆ ತಿರುಗಿ ನಕ್ಕ. ಅವಳಿಗೆ ಕಾಣಬಾರದು ಅಂತ ತಿರುಗಿದ, ಆದರೆ ಆ ಕಡೆಯ ಕನ್ನಡಿ ಅವಳ ಎತ್ತರಕ್ಕೇ ಇತ್ತು.

ಮಾರುಕಟ್ಟೆಯ ಅಂಗಳ ಕೆಂಪಾಗಿ ಹರಡಿತ್ತು. ಹತ್ತಿರ ಬಂದಂತೆ ಘಾಟು ಮೂಗಿಗೆ ಹತ್ತಿ ಮನೋಹರ ಸೀನಿದ. ಕಾಲು ಮುರಿದ ಮೇಲೆ ಇದೇ ಮೊದಲ ಸೀನು. ದ್ರಾಕ್ಷಾಯಿಣಿ ಕುತ್ತಿಗೆ ಹೊರಗೆ ಚಾಚಿ ಗಾಡಿಯನ್ನು ಹಿಂದಕ್ಕೆ ಹಾಕಿದಳು, ಫೋಟೋದಲ್ಲಿ ಇದ್ದ ಹಾಗೆಯೇ. ಮೈಲಾರಲಿಂಗ ಓಡಿಬಂದು ಚೀಲಕ್ಕೆ ಕೊಂಡಿ ಹಾಕುವ ಮುಂಚೆ ಎಡಗಡೆಯ ಬಾಗಿಲಲ್ಲಿ ಇಣುಕಿದ. ಹಳೆಯ ಗೆಳೆಯನನ್ನು ನೋಡಿ ಖರೇ ಖುಷಿಯಾಗಿ ಹಲ್ಲು ಕಿರಿದ.

“ಏನಪಾ ಮನೋಹರಣ್ಣಾ, ಅಕ್ಕನ ಗಾಡ್ಯಾಗ ಬಂದ್ಯಾ?”

‘ಗಾಡಿ ನಂದು’ ಅನ್ನುವ ಮಾತು ಅವನ ನಾಲಿಗೆಯ ತುದಿಯಲ್ಲೇ ಕೂತಿತ್ತು. ಹೆಂಡತಿಯ ಕಡೆ ನೋಡಿದ. ಅವಳು ಹ್ಯಾಂಡ್ ಬ್ರೇಕು ಎಳೆಯುತ್ತಿದ್ದಳು. ಪಾದ ಇನ್ನೂ ಪೆಡಲಿನ ಮೇಲಿತ್ತು. ಅವನ ಅಂಗಾಲಿಗೆ ಏನೋ ತಿಳಿದಂತಾಯಿತು.

“ಹೌದಪಾ, ಅಕಿ ಗಾಡಿನ,” ಅಂದ. “ಬ್ರೇಕ್ ಪೈಪ್ ಅಷ್ಟ ನಂದು.”